ಗಡಿಯೂರಿನ ನಾಯಿಕಡಿತ ಮತ್ತು ಪ್ರಯೋಗಾಲಯದ ಪ್ರತಿಕಾಯ

ಆಂಧ್ರದ ಗಡಿಭಾಗದ ಹಿಂದೂಪುರದಲ್ಲೋ ಕಲ್ಯಾಣದುರ್ಗದಲ್ಲೋ ಹುಚ್ಚುನಾಯಿ ಕಚ್ಚಿ ಚರ್ಮ ಹರಿದವರಿಗೆ ಲಸಿಕೆಯೊಂದೇ ಸಾಲದು. ಲಸಿಕೆಯಿಂದ ಮೈಯಲ್ಲಿ ಪ್ರತಿಕಾಯ ಹುಟ್ಟಲು ವಾರವಾದರೂ ಬೇಕು. ಅಷ್ಟರೊಳಗೆ ರೇಬೀಸ್ ವೈರಸ್ ನರದ ದಾರಿ ಹಿಡಿಯದಂತೆ ಸಿದ್ಧ ಪ್ರತಿಕಾಯವನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಬಹುಕಾಲ ಇದು ಕುದುರೆಯ ಇಲ್ಲವೇ ಲಸಿಕೆ ಪಡೆದ ದಾನಿಗಳ ರಕ್ತದಿಂದ ಬಂದಿದೆ. 1975ರಲ್ಲಿ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೀನ್ ಬೇರೊಂದು ದಾರಿ ತೋರಿದರು. ಇಲಿಯ ಗುಲ್ಮದ ಪ್ರತಿಕಾಯ ತಯಾರಿಸುವ ಬಿ ಕೋಶವನ್ನು ಮೈಲೋಮ ಎಂಬ ಕ್ಯಾನ್ಸರ್ ಕೋಶದೊಂದಿಗೆ ಬೆಸೆದು ಹ್ಯಾಟ್ ಮಾಧ್ಯಮದಲ್ಲಿ ಬಿಡುತ್ತಾರೆ. ಬೆಸುಗೆಯಾಗದ ಮೈಲೋಮ ಅದರಲ್ಲಿ ಸಾಯುತ್ತದೆ, ಒಂಟಿ ಬಿ ಕೋಶ ತಾನಾಗಿ ಅಳಿಯುತ್ತದೆ, ಬೆಸೆದದ್ದು ಮಾತ್ರ ಉಳಿಯುತ್ತದೆ. ಉಳಿದವನ್ನು ತೆಳುಗೊಳಿಸಿ ಗುಳಿಗೊಂದು ಕೋಶದಂತೆ ಹಂಚಿದರೆ, ಪ್ರತಿ ಗುಳಿಯೂ ಒಂದೇ ಬಗೆಯ ಪ್ರತಿಕಾಯ ಕೊಡುತ್ತದೆ. ಮಾನವ ಪ್ರತಿಕಾಯದ ಜೀನ್ ಹೊತ್ತ ಇಲಿಗಳಿಂದ ಹೀಗೆ ದೊರೆತ 17ಸಿ7 ಎಂಬುದನ್ನು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಮತ್ತು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಔಷಧವಾಗಿ ಬೆಳೆಸಿದವು. 2017ರಲ್ಲಿ ಅದು ರೇಬಿಶೀಲ್ಡ್ ಹೆಸರಿನಲ್ಲಿ ಭಾರತದ ಮಾರುಕಟ್ಟೆಗೆ ಬಂತು.

ಹೆಪ್ಪುಗಟ್ಟಿಸಿಟ್ಟ ಕೋಶದಿಂದ ಪ್ರತಿ ಸಲವೂ ಅದೇ ಅಣು ಬರುವುದು ಈ ವಿಧಾನದ ದೊಡ್ಡ ಗುಣ. ಕುದುರೆ, ದಾನಿ ಯಾರನ್ನೂ ಕಾಯಬೇಕಿಲ್ಲ. ಕುದುರೆ ಸೀರಂ ಅಗ್ಗ, ಈಗ ಶುದ್ಧವೂ ಹೌದು, ಹೊಸದೇಕೆ ಎಂಬ ಆಕ್ಷೇಪ ನ್ಯಾಯವಾದುದೇ. ಹೊಸ ಔಷಧ ತಲುಪದ ಕಡೆ ಕುದುರೆ ಸೀರಂ ಕೈಬಿಡುವುದು ತಪ್ಪು. ಆದರೆ ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ರಕ್ತದ ಪ್ರತಿಕಾಯ ವೈರಸ್ಸಿನ ಹಲವು ತಾಣಗಳನ್ನು ಹಿಡಿದರೆ, 17ಸಿ7 ಅದರ ಹೊರಚಾಚಿದ ಗ್ಲೈಕೋಪ್ರೋಟೀನಿನ ಮೂರನೆಯ ತಾಣವೊಂದನ್ನೇ ಹಿಡಿಯುತ್ತದೆ. ಆ ತಾಣ ರೂಪಾಂತರಗೊಂಡರೆ ಗತಿಯೇನು? ಝೈಡಸ್ ಕಂಪನಿ 2019ರಲ್ಲಿ ಎರಡು ಪ್ರತಿಕಾಯಗಳ ಮಿಶ್ರಣ ತಂದದ್ದು ಈ ಭಯಕ್ಕೆ ಒಂದು ಉತ್ತರ. ನನ್ನ ಮಟ್ಟಿಗೆ ಅದು ಅರ್ಧ ಉತ್ತರ. ಎರಡು ತಾಣಗಳನ್ನು ಹಿಡಿದರೂ ನಮ್ಮ ಬೀದಿಯ ವೈರಸ್ ಅವುಗಳಿಗೆ ಸಿಗುತ್ತದೆಂದು ತೋರಿಸಬೇಕಾದುದು ಪರೀಕ್ಷೆಯೇ. ಪ್ರತಿಕಾಯವನ್ನು ವೈರಸ್ಸಿನೊಂದಿಗೆ ಬೆರೆಸಿ ಕೋಶಗಳ ಮೇಲೆ ಬಿಟ್ಟು, ಸುಮಾರು ಒಂದು ದಿನದ ಬಳಿಕ ಹಸಿರು ಹೊಳಪಿನ ಸೋಂಕು ಎಷ್ಟಿದೆಯೆಂದು ಎಣಿಸುವ ವಿಧಾನ ನಮ್ಮಲ್ಲಿದೆ.

ಹಿಂದೂಪುರ ಮತ್ತು ಕರ್ನಾಟಕದ ಗೌರಿಬಿದನೂರಿನ ನಡುವಿನ ರಾಜ್ಯದ ಗಡಿ ನಾಯಿಗಳಿಗಿಲ್ಲ. ಆದ್ದರಿಂದ ಈ ಪರೀಕ್ಷೆಗೆ ಬೇಕಾದ ಈ ಭಾಗದ ವೈರಸ್ ಮಾದರಿ ಎರಡೂ ಕಡೆಯಿಂದ ಬರಬೇಕು. ರೇಬೀಸ್ ಪ್ರಯೋಗಾಲಯವಿರುವ ಬೆಂಗಳೂರಿನ ನಿಮ್ಹಾನ್ಸ್ ಹಿಂದೂಪುರದಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಕಚ್ಚಿ ಸತ್ತ ನಾಯಿಯನ್ನು ಹಾಗೆಯೇ ಹೂಳುವ ಬದಲು ಅದರ ಮಿದುಳಿನ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಅಲ್ಲಿಗೆ ಕಳಿಸುವ ಏರ್ಪಾಡನ್ನು ಎರಡೂ ರಾಜ್ಯಗಳ ಪಶುವೈದ್ಯ ಇಲಾಖೆಗಳು ಕೂಡಿ ಮಾಡಲಿ.