ಚಿಗಟ ನಿವಾರಣೆಯ ಮನೆಮದ್ದುಗಳು: ಇತಿಹಾಸ

ನಾಯಿ, ಬೆಕ್ಕುಗಳನ್ನು ಕಾಡುವ ಚಿಗಟವನ್ನು ಅಡುಗೆಮನೆ, ಹಿತ್ತಲುಗಳಲ್ಲಿ ಸಿಗುವ ವಸ್ತುಗಳಿಂದಲೇ ಓಡಿಸಲು ಮನುಷ್ಯ ಸಾವಿರಾರು ವರ್ಷಗಳಿಂದ ಹೆಣಗಿದ್ದಾನೆ. ಪ್ರಾಣಿಯ ಮೈಗೆ ಹಚ್ಚಿದ ಮದ್ದುಗಳಿಗಿಂತ ಅದು ಮಲಗುವ ಜಾಗವನ್ನು ಹಸನು ಮಾಡಿದ ಕ್ರಮಗಳೇ ಹೆಚ್ಚು ಫಲ ಕೊಟ್ಟಿವೆ. ಕಾರಣ ಕೀಟದ ಬದುಕಿನಲ್ಲೇ ಇದೆ. ಬೆಕ್ಕಿನ ಚಿಗಟ ನಾಯಿಗೂ ಹತ್ತುತ್ತದೆ. ಹೆಣ್ಣು ದಿನಕ್ಕೆ 40ರಿಂದ 50 ಮೊಟ್ಟೆಗಳವರೆಗೆ ಇಡುತ್ತದೆ. ಮೊಟ್ಟೆಗಳು ರೋಮದಿಂದ ಜಾರಿ ಹಾಸಿಗೆ, ನೆಲದ ಬಿರುಕುಗಳನ್ನು ಸೇರುತ್ತವೆ. ಮರಿಹುಳು, ಕೋಶಾವಸ್ಥೆಗಳೂ ಅಲ್ಲೇ ಕಳೆಯುತ್ತವೆ. ಮೈಮೇಲೆ ಕಾಣುವುದು ಒಟ್ಟು ಸಂಖ್ಯೆಯ ಸಣ್ಣ ಪಾಲು ಮಾತ್ರ.

ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್ ಚಿಗಟ ಹೋಗಲು ಮನೆಯೊಳಗೆ ನೇಟ್ರನ್ ಎಂಬ ಸೋಡಾ ಉಪ್ಪಿನ ನೀರು ಚಿಮುಕಿಸಲು ಹೇಳುತ್ತದೆ. ರೋಮನ್ನರು ಗಮನ ಕೊಟ್ಟದ್ದು ನಾಯಿಯ ಮೈಗೆ. ವ್ಯಾರೋ ಎಂಬ ಲೇಖಕ ಬಾದಾಮಿಯನ್ನು ನೀರಿನಲ್ಲಿ ಅರೆದು ಕಿವಿಗೂ ಬೆರಳ ಸಂದಿಗೂ ಹಚ್ಚಲು ಸೂಚಿಸಿದ. ಕ್ರಿ.ಶ. 1ನೇ ಶತಮಾನದ ಕೃಷಿ ಲೇಖಕ ಕೊಲುಮೆಲ್ಲ ಜೀರಿಗೆಯನ್ನೂ ಹೆಲೆಬೋರ್ ಗಿಡವನ್ನೂ ಸಮತೂಕದಲ್ಲಿ ಅರೆದು ನೀರು ಬೆರೆಸಿ ಲೇಪಿಸಲು, ಇಲ್ಲವಾದರೆ ಆಲಿವ್ ಎಣ್ಣೆಯ ಹಳೆಯ ಗಷ್ಟನ್ನು ಮೈಗೆಲ್ಲ ಸುರಿಯಲು ಬರೆದ. ಎಣ್ಣೆಯ ಗಷ್ಟು ಚಿಗಟವನ್ನು ಅಂಟಿಸಿ ಹಿಡಿದಿರಬಹುದು. ಆದರೆ ಹೆಲೆಬೋರ್ ವಿಷ, ನಾಯಿ ಮೈ ನೆಕ್ಕದೆ ಇರುವುದಿಲ್ಲ.

1393ರ ಸುಮಾರಿಗೆ ಪ್ಯಾರಿಸ್ಸಿನ ಗೃಹಸ್ಥನೊಬ್ಬ ತನ್ನ ಕಿರಿಯ ಹೆಂಡತಿಗಾಗಿ ಬರೆದ ಮನೆವಾರ್ತೆಯ ಪುಸ್ತಕದಲ್ಲಿ ಜಾಣ್ಮೆಯ ಉಪಾಯವೊಂದಿದೆ: ರೊಟ್ಟಿಯ ತುಂಡುಗಳಿಗೆ ಅಂಟು ಸವರಿ, ನಡುವೆ ಉರಿಯುವ ಮೇಣದಬತ್ತಿ ಇಟ್ಟು ರಾತ್ರಿ ಕೋಣೆಯಲ್ಲಿಡುವುದು. ಚಿಗಟ ಬೆಳಕಿನತ್ತ ನೆಗೆಯುತ್ತದೆ. ಈಗಲೂ ದೀಪದ ಕೆಳಗೆ ಸೋಪಿನ ನೀರಿನ ತಟ್ಟೆ ಇಡುವವರು ಅದೇ ಗುಣವನ್ನು ಬಳಸುತ್ತಾರೆ; ಸೋಪು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವುದರಿಂದ ಹಾರಿ ಬಿದ್ದ ಕೀಟ ಮುಳುಗುತ್ತದೆ. ಮನೆಯಲ್ಲಿ ಚಿಗಟ ಇದೆಯೇ ಎಂದು ತಿಳಿಯಲು ಇದು ಒಳ್ಳೆಯ ಸಾಧನ, ಪೂರ್ತಿ ನಿರ್ಮೂಲನೆಗೆ ಸಾಲದು.

19ನೇ ಶತಮಾನದಲ್ಲಿ ಪರ್ಷಿಯ ಮತ್ತು ಡಾಲ್ಮೇಷಿಯದ ಸೇವಂತಿಗೆ ಜಾತಿಯ ಹೂಗಳ ಪುಡಿ, ಅಂದರೆ ಪೈರೆತ್ರಮ್, ಯುರೋಪಿನ ಮನೆಗಳಿಗೆ ಬಂತು. ಕೀಟದ ನರಗಳನ್ನೇ ಕೆಡಿಸುವ ಈ ಪುಡಿ ನಿಜವಾಗಿಯೂ ಕೊಲ್ಲುತ್ತಿತ್ತು. ಇದರ ಮಾದರಿಯಲ್ಲಿ ಕೃತಕವಾಗಿ ತಯಾರಾದ ಪರ್ಮೆತ್ರಿನ್ ನಾಯಿಗೆ ಒಗ್ಗುತ್ತದೆ, ಬೆಕ್ಕಿಗೆ ಮಾರಕ.

ಕರ್ನಾಟಕದ ಹಳ್ಳಿಮನೆಗಳಲ್ಲಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆ, ಹೊಂಗೆಎಣ್ಣೆ, ಬಜೆಯ ಪುಡಿ ಹುಳುಹುಪ್ಪಟೆಗಳ ವಿರುದ್ಧ ಬಳಕೆಯಲ್ಲಿವೆ. ಬೇವಿನ ಬಲ ಅದರ ಬೀಜದಲ್ಲಿ ಹೆಚ್ಚು; ಕೀಟಗಳ ಬೆಳವಣಿಗೆಯನ್ನು ತಡೆಯುವ ಅಜಾಡಿರಾಕ್ಟಿನ್ ಅನ್ನು 1968ರಲ್ಲಿ ಬೇರ್ಪಡಿಸಲಾಯಿತು. ಸೀತಾಫಲದ ಬೀಜದ ಪುಡಿಯೂ ಪರಿಣಾಮಕಾರಿ, ಆದರೆ ಕಣ್ಣಿಗೆ ಬಿದ್ದರೆ ತೀವ್ರ ಹಾನಿ.

20ನೇ ಶತಮಾನದ ಕೊನೆಯ ದಶಕಗಳಲ್ಲಿ ಮನೆಮದ್ದುಗಳು ಪರೀಕ್ಷೆಗೆ ಒಳಪಟ್ಟವು. ಊಟದಲ್ಲಿ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟ್) ಕೊಟ್ಟರೆ ಚಿಗಟ ಹತ್ತಿರ ಸುಳಿಯದು ಎಂಬ ನಂಬಿಕೆಯನ್ನು ಅಮೆರಿಕದಲ್ಲಿ 1983ರಲ್ಲಿ ಪ್ರಕಟವಾದ ಅಧ್ಯಯನ ತಳ್ಳಿಹಾಕಿತು. ಚಿಗಟ ಓಡಿಸಲೆಂದು ತಿನ್ನಿಸುವ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ ಎಂದು 2000ದ ಸಂಶೋಧನೆ ತೋರಿಸಿತು. ರೋಮನ್ನರ ಕಾಲದಿಂದ ಹೆಸರಾದ ಪೆನಿರಾಯಲ್ ಪುದೀನದ ಎಣ್ಣೆ ಹಚ್ಚಿದ ನಾಯಿಯೊಂದು ಯಕೃತ್ತು ಕೆಟ್ಟು ಸತ್ತದ್ದು 1992ರಲ್ಲಿ ವರದಿಯಾಯಿತು. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯ ಎಂದು ನಂಬಿದವರ ಸಾಕುಪ್ರಾಣಿಗಳು ತೆತ್ತ ಬೆಲೆ ದೊಡ್ಡದು. ಬೆಕ್ಕುಗಳ ಯಕೃತ್ತು ಇಂಥ ಸುಗಂಧತೈಲಗಳ ಹಲವು ಅಂಶಗಳನ್ನು ಸರಿಯಾಗಿ ಕರಗಿಸಲಾರದು, ಆದ್ದರಿಂದ ಅವುಗಳಿಗೆ ಅಪಾಯ ಇನ್ನೂ ಹೆಚ್ಚು.

ಗುಡಿಸಿ ತೊಳೆಯುವ ಹಳೆಯ ರೂಢಿ ಮಾತ್ರ ಪರೀಕ್ಷೆಯಲ್ಲಿ ಗೆದ್ದಿತು. 2007ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದ ಬೆಕ್ಕಿನ ಚಿಗಟಗಳಲ್ಲಿ ಬೆಳೆದವುಗಳ ಪೈಕಿ ಶೇ. 96, ಎಳೆಯ ಹಂತದವು ಪೂರ್ತಿಯಾಗಿ ಸತ್ತದ್ದನ್ನು ಕಂಡರು. ಪ್ರಾಣಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ಹಣಿಗೆಯಿಂದ ರೋಮ ಬಾಚಿ ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಅದ್ದುವುದು, ಇವನ್ನು ಪಶುವೈದ್ಯರು ಆಧುನಿಕ ಔಷಧಗಳ ಜೊತೆಗೇ ಹೇಳುತ್ತಾರೆ.