ಮರೀನ್ ಡ್ರೈವ್: ಒಂದು ದಂಡೆಯ ಜಮಾಖರ್ಚು

ಊರಿನಿಂದ ಮುಂಬಯಿಗೆ ನೆಂಟರು ಬಂದರೆ ಮೊದಲ ಸಂಜೆಯೇ ಅವರನ್ನು ಕರೆದೊಯ್ಯುವ ಸ್ಥಳವೆಂದರೆ ಮರೀನ್ ಡ್ರೈವ್. ದಕ್ಷಿಣದ ನರಿಮನ್ ಪಾಯಿಂಟಿನಿಂದ ಉತ್ತರದ ಚೌಪಾಟಿಯವರೆಗೆ ಸುಮಾರು ಮೂರೂವರೆ ಕಿಲೋಮೀಟರು ಬಿಲ್ಲಿನಂತೆ ಬಾಗಿರುವ ಈ ದಾರಿಗೆ ಕಾಗದದ ಮೇಲೆ ನೇತಾಜಿ ಸುಭಾಷಚಂದ್ರ ಬೋಸರ ಹೆಸರಿದೆ; ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಎಡಕ್ಕೆ ಸಮುದ್ರ, ಬಲಕ್ಕೆ ಒಂದೇ ಎತ್ತರದ ಮನೆಗಳ ಸಾಲು. ಸಾವಕಾಶವಾಗಿ ನಡೆದರೆ ಒಂದು ತಾಸಿನ ದಾರಿ. ದೀಪಗಳು ಹೊತ್ತಿಕೊಂಡಾಗ ‘ರಾಣಿಯ ಕಂಠಹಾರ’ವೆಂಬ ಮಾತು ತಾನಾಗಿಯೇ ನೆನಪಿಗೆ ಬರುತ್ತದೆ. ಇಷ್ಟು ಸೊಗಸಾದ ದಂಡೆಯನ್ನು ನಿಸರ್ಗವೇ ನಗರಕ್ಕೆ ದಯಪಾಲಿಸಿತೆಂದು ಹೊಸಬನು ಭಾವಿಸಿದರೆ ತಪ್ಪಿಲ್ಲ. ಆದರೆ ನಿಸರ್ಗವು ಕೊಟ್ಟದ್ದು ಬ್ಯಾಕ್ ಬೇ ಎಂಬ ಕೊಲ್ಲಿಯನ್ನು ಮಾತ್ರ, ಈ ದಂಡೆಯನ್ನಲ್ಲ. ಸುಮಾರು ಅರವತ್ತು ವರ್ಷಗಳ ಅಂತರದಲ್ಲಿ ಕೈಗೊಂಡು ಎರಡು ಬಾರಿಯೂ ಕೈಸುಟ್ಟುಕೊಂಡ ಎರಡು ಮಹಾ ಯೋಜನೆಗಳ ಶಿಲ್ಕು ಇದು. ಆ ಲೆಕ್ಕದ ಮೊದಲ ಪುಟದಲ್ಲಿ ಧಾರವಾಡ ಸೀಮೆಯ ಎರೆಹೊಲಗಳ ಹೆಸರೂ ಇದೆಯೆಂಬುದು ಇಲ್ಲಿ ಸಂಜೆಯ ಗಾಳಿಗೆ ಬರುವ ಕನ್ನಡಿಗರಲ್ಲಿ ಎಷ್ಟು ಜನರಿಗೆ ಗೊತ್ತು?

ನಡಿಗೆಯನ್ನು ದಕ್ಷಿಣದ ತುದಿಯಿಂದ ಆರಂಭಿಸುವುದು ಯೋಗ್ಯ. ಇಲ್ಲಿನ ನೆಲ ಎಲ್ಲಕ್ಕಿಂತ ಎಳೆಯದು. ಇಲ್ಲಿಯ ಗಗನಚುಂಬಿ ಕಟ್ಟಡಗಳು ೧೯೭೦ರ ದಶಕದ ಆಸುಪಾಸಿನವು, ಏರ್ ಇಂಡಿಯಾ ಹೆಸರಿನ ಕಟ್ಟಡ ೧೯೭೪ರದು. ಸ್ವಲ್ಪ ಒಳಕ್ಕೆ, ಮೇಡಂ ಕಾಮಾ ರಸ್ತೆಯಲ್ಲಿ, ಭಾರತೀಯ ಸ್ಟೇಟ್ ಬ್ಯಾಂಕಿನ ಪ್ರಧಾನ ಕಚೇರಿ ನಿಂತಿದೆ. ಸಮುದ್ರವನ್ನು ಹೂಳಿ ಪಡೆದ ನೆಲದ ಮೇಲೆ ಈ ಬ್ಯಾಂಕು ನಿಂತಿರುವುದರಲ್ಲಿ ಒಂದು ಚೋದ್ಯವಿದೆ. ಇದರ ವಂಶಾವಳಿಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ೧೯೨೧ರ ಇಂಪೀರಿಯಲ್ ಬ್ಯಾಂಕು, ಅದರೊಳಗೆ ಸೇರಿಹೋದ ೧೮೬೮ರ ಹೊಸ ಬ್ಯಾಂಕ್ ಆಫ್ ಬಾಂಬೆ, ಅದಕ್ಕೂ ಹಿಂದೆ ೧೮೪೦ರಲ್ಲಿ ಹುಟ್ಟಿದ ಹಳೆಯ ಬ್ಯಾಂಕ್ ಆಫ್ ಬಾಂಬೆ ಸಿಗುತ್ತವೆ. ಆ ಹಳೆಯ ಬ್ಯಾಂಕು ಮುಳುಗಿದ ಪ್ರಕರಣದಲ್ಲಿ ಇದೇ ಕೊಲ್ಲಿಯ ಪಾತ್ರವಿತ್ತು.

೧೮೬೧ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಒಮ್ಮೆಲೇ ಜಗತ್ತಿನ ಕಣ್ಣು ಪಶ್ಚಿಮ ಹಿಂದುಸ್ಥಾನದ ಹೊಲಗಳ ಮೇಲೆ ಬಿದ್ದಿತು. ಆ ಹೊಲಗಳಲ್ಲಿ ಧಾರವಾಡದ ಸ್ಥಾನ ವಿಶಿಷ್ಟವಾದುದು. ೧೮೪೦ರ ದಶಕದಲ್ಲಿ ಸರಕಾರವು ಅಮೆರಿಕದ ಬೀಜವನ್ನು ದೇಶದ ಹಲವೆಡೆ ಬಿತ್ತಿಸಿ ನೋಡಿತು. ಬಹುತೇಕ ಕಡೆ ಅದು ಹತ್ತಲಿಲ್ಲ. ಧಾರವಾಡದ ಎರೆಭೂಮಿಯಲ್ಲಿ ಮಾತ್ರ ಬೇರೂರಿತು. ಗರಗಸದ ಹಲ್ಲಿನ ಜಿನ್ನಿನಲ್ಲಿ ಬೀಜ ಬೇರ್ಪಡಿಸಿದ ಆ ಅರಳೆಗೆ ಲಿವರ್‌ಪೂಲಿನ ಪೇಟೆಯಲ್ಲಿ ಧಾರವಾಡದ ಹೆಸರೇ ನಿಂತಿತು.

ಈ ಅರಳೆ ಮುಂಬಯಿ ಮುಟ್ಟುತ್ತಿದ್ದ ದಾರಿ ಸುಲಭದ್ದಾಗಿರಲಿಲ್ಲ. ರೈಲು ಇನ್ನೂ ಇಪ್ಪತ್ತು ವರ್ಷ ದೂರವಿತ್ತು. ಹುಬ್ಬಳ್ಳಿಯ ಪೇಟೆಯಿಂದ ಹೇರೆತ್ತುಗಳ ಮೇಲೆ, ಚಕ್ಕಡಿಗಳಲ್ಲಿ, ಘಟ್ಟ ಇಳಿದು ಕುಮಟೆಯ ಬಂದರಕ್ಕೆ. ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬಯಿಗೆ. ಮಳೆಗಾಲದಲ್ಲಿ ಸಮುದ್ರ ಮುಚ್ಚಿದರೆ ವ್ಯಾಪಾರವೂ ಮುಚ್ಚಿದಂತೆಯೇ. ಘಟ್ಟದ ಮೇಲಿನ ಹತ್ತಿಯ ಸೀಮೆ ಮುಂಬಯಿ ಪ್ರಾಂತದಲ್ಲಿ, ಘಟ್ಟದ ಕೆಳಗಿನ ಬಂದರುಗಳು ಮದ್ರಾಸಿನ ಕೈಯಲ್ಲಿ. ಇದು ಹತ್ತಿಯ ವರ್ತಕರಿಗೆ ನುಂಗಲಾರದ ತುತ್ತಾಗಿತ್ತು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದ್ದು ಈ ಒತ್ತಾಯಕ್ಕೆ ಮಣಿದೇ. ಕನ್ನಡ ನಾಡಿನ ಹರಿದು ಹಂಚಿದ ಗಡಿಗಳ ಕಥೆಯಲ್ಲಿ ರಾಜರ ಯುದ್ಧಗಳನ್ನೂ ಕೌಲುಗಳನ್ನೂ ಬರೆಯುವವರು ಹತ್ತಿಯ ಅಂಡಿಗೆಯನ್ನು ಮರೆಯುವುದುಂಟು. ಮರೆಯಬಾರದು.

ಯುದ್ಧದ ನಾಲ್ಕು ವರ್ಷಗಳಲ್ಲಿ ಮುಂಬಯಿಗೆ ಹರಿದ ಅಧಿಕ ಲಾಭ ಏಳು ಕೋಟಿ ಪೌಂಡಿನಷ್ಟೆಂದು ಆ ಕಾಲದ ಅಂದಾಜು. ಇಷ್ಟು ಹಣವನ್ನು ಇಡುವುದೆಲ್ಲಿ? ಬೆಳೆಯುವ ಊರಿಗೆ ನೆಲವಿಲ್ಲ, ಸುತ್ತ ಸಮುದ್ರವಿದೆ. ಸಮುದ್ರವನ್ನೇ ನೆಲ ಮಾಡಿದರಾಯಿತು! ಬಿ. ಬಿ. ಸಿ. ಐ. ರೈಲ್ವೆಗೆ ಕೊಲಾಬಾದವರೆಗೆ ಹಳಿ ಹಾಕಲು ಜಾಗ ಬೇಕಾಗಿದ್ದುದು ಒಳ್ಳೆಯ ನೆವವಾಯಿತು. ಕೊಲಾಬಾದಿಂದ ಮಲಬಾರ ಬೆಟ್ಟದ ಬುಡದವರೆಗೆ ಕೊಲ್ಲಿಯನ್ನು ಹೂಳುವೆವೆಂದು ಬ್ಯಾಕ್ ಬೇ ಕಂಪನಿ ಹುಟ್ಟಿಕೊಂಡಿತು. ಷೇರುಪೇಟೆಯ ಅನಭಿಷಿಕ್ತ ದೊರೆಯಾಗಿದ್ದ ಪ್ರೇಮಚಂದ ರಾಯಚಂದರು ಇದರ ಬೆನ್ನಿಗಿದ್ದರು. ಐದು ಸಾವಿರ ರೂಪಾಯಿಯ ಷೇರು ಏರುತ್ತ ಏರುತ್ತ ಐವತ್ತು ಸಾವಿರದ ಸುಮಾರಿಗೆ ಮುಟ್ಟಿತು. ಕಂಪನಿಯ ಬಳಿ ಇದ್ದುದು ನೀರು. ಪೇಟೆಯಲ್ಲಿ ಮಾರಾಟವಾಗುತ್ತಿದ್ದುದು ಆ ನೀರು ಮುಂದೊಂದು ದಿನ ನೆಲವಾದೀತೆಂಬ ನಂಬಿಕೆ.

ನಂಬಿಕೆಗೆ ಸಾಲ ಕೊಡುವವರು ಬೇಕಲ್ಲವೆ? ಬ್ಯಾಂಕ್ ಆಫ್ ಬಾಂಬೆಗೆ ಮೂಲ ಸನದಿನಲ್ಲಿ ಕಟ್ಟುನಿಟ್ಟಾದ ಬೇಲಿಯಿತ್ತು: ಇಂಥಿಂಥ ಭದ್ರತೆಯ ಮೇಲೆ ಮಾತ್ರ ಸಾಲ. ೧೮೬೩ರ ಹೊಸ ಕಾನೂನು ಆ ಬೇಲಿಯನ್ನು ಕಿತ್ತಿತು. ಕಂಪನಿಗಳ ಷೇರುಗಳ ಮೇಲೂ ಸಾಲ ಕೊಡಬಹುದೆಂದಾಯಿತು. ಇದರ ಪರಿಣಾಮವನ್ನು ತಿಳಿಯಲು ಅರ್ಥಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಷೇರು ಅಡವಿಟ್ಟು ಸಾಲ, ಆ ಸಾಲದಿಂದ ಮತ್ತೆ ಷೇರು, ಅದರಿಂದ ಬೆಲೆ ಏರಿಕೆ, ಏರಿದ ಬೆಲೆಯ ಮೇಲೆ ಇನ್ನಷ್ಟು ಸಾಲ. ಒತ್ತೆಯಿಟ್ಟ ವಸ್ತುವಿನ ಬೆಲೆಯನ್ನು ಬ್ಯಾಂಕಿನ ಸಾಲವೇ ಏರಿಸುತ್ತಿದ್ದರೆ ಅದು ಒತ್ತೆಯೇ ಅಲ್ಲ. ಸಾಲವು ತನ್ನ ನೆರಳನ್ನು ತಾನೇ ಅಡವಿಟ್ಟುಕೊಂಡಂತೆ. ಅಂದಿನ ನಿರ್ದೇಶಕರು ದಡ್ಡರೇನೂ ಆಗಿರಲಿಲ್ಲ. ಊರಿನ ದೊಡ್ಡ ಮನೆತನಗಳೆಲ್ಲ ಒಂದೇ ದಿಕ್ಕಿಗೆ ಓಡುವಾಗ ‘ಇಲ್ಲ’ ಎನ್ನುವ ಧೈರ್ಯ ಅವರಿಗೆ ಬರಲಿಲ್ಲ, ಅಷ್ಟೆ.

೧೮೬೫ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿದ ಸುದ್ದಿ ಹೊರಟಿತು. ಹತ್ತಿಯ ಧಾರಣೆ ಕುಸಿಯಿತು. ವಾಯಿದೆ ವ್ಯವಹಾರಗಳ ಲೆಕ್ಕ ತೀರಬೇಕಾಗಿದ್ದ ಆ ವರ್ಷದ ಜುಲೈ ೧ರಂದು ತೀರಿಸುವವರೇ ಇರಲಿಲ್ಲ. ಬ್ಯಾಕ್ ಬೇ ಷೇರು ಎರಡು ಸಾವಿರಕ್ಕಿಂತ ಕೆಳಗೆ ಬಿತ್ತು. ಎರಡು ಕೋಟಿ ರೂಪಾಯಿಗೆ ಮೀರಿದ ಬಂಡವಾಳದ ಬಹುಭಾಗವನ್ನು ಕಳೆದುಕೊಂಡು ಹಳೆಯ ಬ್ಯಾಂಕು ೧೮೬೮ರಲ್ಲಿ ಮುಚ್ಚಿತು. ವಿಚಾರಣಾ ಆಯೋಗ ಕುಳಿತು ೧೮೬೩ರ ಕಾನೂನಿನ ಸಡಿಲನ್ನೂ ಕಾರಣಗಳಲ್ಲಿ ಎಣಿಸಿತು. ಪ್ರೇಮಚಂದರು ಏರಿದ ದಿನಗಳಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ನಾಲ್ಕು ಲಕ್ಷ ರೂಪಾಯಿ ಮಾತ್ರ ಕಲ್ಲಾಗಿ ಉಳಿಯಿತು. ಅವರ ತಾಯಿ ರಾಜಾಬಾಯಿಯವರ ಹೆಸರಿನ ಗಡಿಯಾರದ ಗೋಪುರ ಮುಗಿದದ್ದು ೧೮೭೮ರಲ್ಲಿ. ಧಾರವಾಡದ ಒಕ್ಕಲಿಗನ ಹೆಸರಿನಲ್ಲಿ ಗೋಪುರವಿಲ್ಲ. ಸುಗ್ಗಿಯ ವರ್ಷಗಳಲ್ಲಿ ಅವನೂ ಸಾಲ ತೀರಿಸಿ ನಾಲ್ಕು ಕಾಸು ಕಂಡಿದ್ದ. ಮುಂದೆ, ೧೮೭೬-೭೭ರ ಭೀಕರ ಬರದಲ್ಲಿ, ಅದೂ ಕರಗಿತು.

ಈಗ ಉತ್ತರಕ್ಕೆ ನಡೆಯಬಹುದು. ವೀರ ನರಿಮನ್ ರಸ್ತೆ ಸಮುದ್ರವನ್ನು ಸೇರುವಲ್ಲಿ ಪಥಿಕನು ಒಂದು ಗಳಿಗೆ ಸಮುದ್ರಕ್ಕೆ ಬೆನ್ನು ಮಾಡಿ ಚರ್ಚ್‌ಗೇಟ್ ನಿಲ್ದಾಣದವರೆಗೆ ಹೋಗಿಬರಬೇಕು. ಆ ಕೆಲವೇ ನಿಮಿಷಗಳ ದಾರಿ ಒಂದು ಶತಮಾನದ ಹಿಂದೆ ನೀರಾಗಿತ್ತು. ಮೊದಲ ಯೋಜನೆ ಬಿದ್ದುಹೋದ ಮೇಲೆ ಉಳಿದದ್ದು ನಿಲ್ದಾಣದ ಹಳಿಗಳಿಗೂ ಪಕ್ಕದ ಮಹರ್ಷಿ ಕರ್ವೆ ರಸ್ತೆಗೂ, ಅಂದರೆ ಹಿಂದಿನ ಕ್ವೀನ್ಸ್ ರೋಡಿಗೂ, ಸಾಲುವಷ್ಟು ಪಟ್ಟಿ. ಆಗಿನ ಸಮುದ್ರದಂಡೆ ಅದು. ಲೋಕಲ್ ಗಾಡಿಯಲ್ಲಿ ನಿತ್ಯ ಬರುವ ಲಕ್ಷಾಂತರ ಜನರು ಮುಳುಗಿದ ಆ ಕಂಪನಿಯ ಆಸ್ತಿಯ ಮೇಲೆಯೇ ಇಳಿಯುತ್ತಾರೆ. ಹಳಿ ಕೊಲಾಬಾವರೆಗೂ ಹೋಗುತ್ತಿತ್ತು. ೧೯೩೦ರ ಕೊನೆಯ ದಿನ ಆ ನಿಲ್ದಾಣ ಮುಚ್ಚಿ ಚರ್ಚ್‌ಗೇಟೇ ಕೊನೆಯಾಯಿತು.

ಅದನ್ನು ಮುಚ್ಚಿಸಿದ್ದು ಎರಡನೆಯ ಯೋಜನೆ. ೧೯೧೮ರಿಂದ ೧೯೨೩ರವರೆಗೆ ಗವರ್ನರರಾಗಿದ್ದ ಸರ್ ಜಾರ್ಜ್ ಲಾಯ್ಡರು ಮಹತ್ವಾಕಾಂಕ್ಷೆಯ ಮನುಷ್ಯರು. ೧೯೨೦ರಲ್ಲಿ ಅಭಿವೃದ್ಧಿ ಇಲಾಖೆ ಹುಟ್ಟಿತು. ಕೊಲ್ಲಿಯಿಂದ ೧,೧೪೫ ಎಕರೆ ನೆಲ ತೆಗೆಯುವುದೆಂದು ನಿಶ್ಚಯವಾಯಿತು. ಪೂರ್ವದ ಬಂದರಿನ ತಳದ ಕೆಸರನ್ನು ಯಂತ್ರದಿಂದ ಎತ್ತಿ ಕೊಳವೆಗಳಲ್ಲಿ ಪಶ್ಚಿಮದ ಕೊಲ್ಲಿಗೆ ತಳ್ಳುವುದು, ಅದನ್ನು ಕಲ್ಲಿನ ಗೋಡೆ ಹಿಡಿದು ನಿಲ್ಲಿಸುವುದು. ನಕ್ಷೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಹೂಳೆತ್ತುವ ಹಡಗಿಗೂ ಗವರ್ನರರ ಹೆಸರನ್ನೇ ಇಟ್ಟರು. ಆದರೆ ಹಡಗು ಲೆಕ್ಕ ಹಾಕಿದಷ್ಟು ಕೆಸರನ್ನು ಎತ್ತಲಿಲ್ಲ. ಎತ್ತಿದ ಕೆಸರನ್ನು ಗೋಡೆ ತಡೆಯಲಿಲ್ಲ, ಕಲ್ಲಿನ ಸಂದುಗಳಿಂದ ಅದು ಮತ್ತೆ ಸಮುದ್ರಕ್ಕೆ ಸೋರಿತು. ಖರ್ಚು ಮಾತ್ರ ಸೋರದೆ ಏರುತ್ತ ಹೋಯಿತು. ಇದೇ ಇಲಾಖೆ ಕಾರ್ಮಿಕರಿಗಾಗಿ ವರಳಿ, ನಾಯಗಾಂವ ಮೊದಲಾದೆಡೆ ಚಾಳುಗಳನ್ನು ಕಟ್ಟಿಸಿತು. ಅದಕ್ಕಾಗಿ ಊರಿಗೆ ಬರುವ ಪ್ರತಿ ಹತ್ತಿಯ ಅಂಡಿಗೆಗೆ ಒಂದು ರೂಪಾಯಿ ಸುಂಕ ಕೂತಿತು. ಮತ್ತೆ ಹತ್ತಿಯೇ!

ಈ ಲೆಕ್ಕವನ್ನು ಬಯಲಿಗೆಳೆದವರು ಖುರ್ಷೀದ್ ಫ್ರಾಂಜಿ ನರಿಮನ್ ಎಂಬ ಪಾರ್ಸಿ ವಕೀಲರು. ಅವರ ಆರೋಪಗಳಿಗಾಗಿ ಇಲಾಖೆಯ ಅಧಿಕಾರಿ ಹಾರ್ವೆ ಎಂಬವರು ಮಾನನಷ್ಟದ ಮೊಕದ್ದಮೆ ಹೂಡಿದರು. ನ್ಯಾಯಾಲಯವು ನರಿಮನ್‌ರನ್ನು ನಿರ್ದೋಷಿಯೆಂದು ಬಿಟ್ಟಿತು. ೧೯೨೬ರ ಮಿಯರ್ಸ್ ಸಮಿತಿಯ ವಿಚಾರಣೆಯ ಬಳಿಕ ಯೋಜನೆಯನ್ನು ಮೊಟಕು ಮಾಡಲಾಯಿತು. ಎಂಟು ಭಾಗಗಳಲ್ಲಿ ನಾಲ್ಕು ಮಾತ್ರ, ಅಂದರೆ ಸುಮಾರು ೪೪೦ ಎಕರೆ, ನೆಲವಾದವು. ಅದರಲ್ಲಿ ದೊಡ್ಡ ಪಾಲು ಸೈನ್ಯಕ್ಕೆ ಹೋಯಿತು. ಜನರು ಇದನ್ನು ‘ಲಾಯ್ಡರ ಹುಚ್ಚು’ ಎಂದರು. ಹೂಳದೆ ಬಿಟ್ಟ ಭಾಗಗಳಿಂದಾಗಿಯೇ ಕೊಲ್ಲಿಯ ಬಾಗು ಉಳಿಯಿತು. ಯೋಜನೆ ಪೂರ್ತಿ ಸಫಲವಾಗಿದ್ದರೆ ಪಥಿಕನ ಎಡಗಡೆ ಸಮುದ್ರವಿರದೆ ಕಚೇರಿಗಳ ಕಾಡಿರುತ್ತಿತ್ತು.

ಉಳಿದ ನೆಲಕ್ಕೆ ಅಂಚು ಕಟ್ಟಿ, ೧೯೪೦ರ ಸುಮಾರಿಗೆ ರಸ್ತೆಯನ್ನು ಮುಗಿಸಿದರು. ರಸ್ತೆಗುಂಟ ಎದ್ದ ಮನೆಗಳು ೧೯೩೦ರ ದಶಕದ ಹೊಸ ರುಚಿಯವು: ಕಾಂಕ್ರೀಟಿನ ದುಂಡು ಮೂಲೆಗಳು, ಹಡಗಿನ ಕಟಾಂಜನದಂಥ ಬಾಲ್ಕನಿಗಳು, ಮೇಲಿನಿಂದ ಕೆಳಗಿಳಿಯುವ ನೇರ ಗೆರೆಗಳು. ಹಿಂದಿನ ತಲೆಮಾರಿನ ಗೋಥಿಕ್ ಕಟ್ಟಡಗಳ ಕಲ್ಲಿನ ಠೀವಿ ಇವಕ್ಕಿಲ್ಲ; ಬೇಕಾಗಿಯೂ ಇರಲಿಲ್ಲ. ಇವು ಸರಕಾರ ಕಟ್ಟಿಸಿದ ಸೌಧಗಳಲ್ಲ, ಬಾಡಿಗೆಗೆಂದು ಕಟ್ಟಿದ ವಸತಿಗಳು. ವೀರ ನರಿಮನ್ ರಸ್ತೆಯ ಮೂಲೆಯ ಸೂನಾ ಮಹಲ್ ೧೯೩೭ರದು. ೧೯೪೭ರ ಬಾಡಿಗೆ ನಿಯಂತ್ರಣ ಕಾನೂನು ಬಂದು ಬಾಡಿಗೆಗಳು ನಿಂತಲ್ಲೇ ನಿಂತವು. ಮಾಲಿಕನಿಗೆ ದುರಸ್ತಿಗೂ ಕೆಡವುವುದಕ್ಕೂ ಕೈ ಬರಲಿಲ್ಲ. ೨೦೧೮ರಲ್ಲಿ ಯುನೆಸ್ಕೋ ಈ ಸಾಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅಭಿರುಚಿಯನ್ನು ಹೊಗಳಿದವರು ಬಹಳ. ಬಾಡಿಗೆ ಕಾನೂನನ್ನು ನೆನೆದವರು ಕಡಿಮೆ.

ದಂಡೆಯ ನಿಜವಾದ ಸಂಪತ್ತು ಆಚೆಯ ಆ ಮಹಲುಗಳಲ್ಲ, ಈಚೆಯ ಅಗಲವಾದ ಕಟ್ಟೆ. ಅದಕ್ಕೆ ಬಾಗಿಲಿಲ್ಲ, ಟಿಕೀಟಿಲ್ಲ. ಕೆಳಗೆ ನಾಲ್ಕು ಕಾಲಿನ ಕಾಂಕ್ರೀಟಿನ ಮುದ್ದೆಗಳ ಮೇಲೆ ಅಲೆ ಒಡೆಯುತ್ತದೆ. ಮೇಲೆ ಒಂದೇ ಖೋಲಿಯಲ್ಲಿ ಆರು ಜನ ಬಾಳುವವನೂ ಕಾಲು ಇಳಿಬಿಟ್ಟು ಕೂರುತ್ತಾನೆ. ಕೋಟಿಗಟ್ಟಲೆ ರೂಪಾಯಿಯ ಎರಡು ಯೋಜನೆಗಳ ಕರಡಿನಲ್ಲಿ ಇಂಥವನಿಗೆ ಕೂರಲು ಜಾಗವೆಂಬ ಬಾಬು ಎಲ್ಲಿಯೂ ಇರಲಿಲ್ಲ.

ಮುಂದೆ ಪಾರ್ಸಿ, ಇಸ್ಲಾಂ, ಹಿಂದೂ ಜಿಮಖಾನಾಗಳ ಮೈದಾನುಗಳು ಸಾಲಾಗಿ ಬರುತ್ತವೆ. ದಂಡೆಯ ಈ ಉತ್ತರ ಭಾಗ ಲಾಯ್ಡರಿಗಿಂತ ಹಿಂದಿನದು. ೧೯೧೫ರಲ್ಲಿ ತೊಡಗಿ ೧೯೨೦ರಲ್ಲಿ ಮುಗಿದ ಕೆನೆಡಿ ಸೀ ಫೇಸ್ ಇದು. ಇಲ್ಲಿಯೇ ಈಗ ಕರಾವಳಿ ಹೆದ್ದಾರಿಯ ಸುರಂಗದ ಬಾಯಿ ತೆರೆದಿದೆ. ೨೦೨೪ರಿಂದ ವರಳಿಯ ಕಡೆಯ ಮೋಟಾರುಗಳು ಮಲಬಾರ ಬೆಟ್ಟದ ಅಡಿಯಿಂದ ತೂರಿ ಇಲ್ಲಿ ಹೊರಬೀಳುತ್ತವೆ. ಆ ಹೆದ್ದಾರಿಗಾಗಿಯೂ ಸಮುದ್ರವನ್ನು ಹೂಳಲಾಗಿದೆ.

ದಾರಿ ಚೌಪಾಟಿಯ ಮರಳಿನಲ್ಲಿ ಮುಗಿಯುತ್ತದೆ. ೧೯೨೦ರ ಆಗಸ್ಟ್ ೧ರಂದು ಲೋಕಮಾನ್ಯ ತಿಲಕರ ಅಂತ್ಯಕ್ರಿಯೆ ಇಲ್ಲಿ ನಡೆಯಿತು. ಅವರ ಪ್ರತಿಮೆ ಇದೆ. ೧೯೩೦ರ ಏಪ್ರಿಲಿನಲ್ಲಿ ಇದೇ ಮರಳಿನ ಮೇಲೆ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿ ಕಾನೂನು ಮುರಿದರು. ಲಾಯ್ಡರ ಲೆಕ್ಕ ಕೇಳಿದ ನರಿಮನ್‌ರೇ ಆ ಸತ್ಯಾಗ್ರಹದ ಮುಂದಾಳುಗಳಲ್ಲಿ ಒಬ್ಬರು. ದಂಡೆಯ ದಕ್ಷಿಣದ ತುದಿಗೆ ಈಗ ಅವರದೇ ಹೆಸರು. ಉಪ್ಪು ಕಾಯಿಸಿದ ಹೆಂಗಸರಲ್ಲಿ ೧೯೦೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿದ್ದರು. ಅವರು ಉಪ್ಪಿನ ಪೊಟ್ಟಣಗಳನ್ನು ಹಿಡಿದು ಮಾರಲು ಹೋದದ್ದು ಮುಂಬಯಿಯ ಷೇರುಪೇಟೆಗೆ. ಬಂಧನವೂ ಆಯಿತು.