ಹೆಸರಿಲ್ಲದ ಕಾವಲು: ತುಪ್ಪದಕೊಳದ ಬತ್ತೇರಿ ಹತ್ತಿದಾಗ

ಚಿತ್ರದುರ್ಗದ ಕೋಟೆಯಲ್ಲಿ ಎಷ್ಟು ಬತ್ತೇರಿ ಇವೆ ಅಂತ ಕೇಳಿ ನೋಡಿ. ಎರಡು ಸಾವಿರ ಅಂತ ಥಟ್ಟನೆ ಉತ್ತರ ಬರುತ್ತೆ. ಹತ್ತೊಂಬತ್ತು ಬಾಗಿಲು, ಮೂವತ್ತೆಂಟು ದಿಡ್ಡಿ, ಮೂವತ್ತೈದು ಕಳ್ಳದಾರಿ ಅಂತ ಬಾಯಿಪಾಠದಂತೆ ಒಪ್ಪಿಸುವ ಪಟ್ಟಿಯ ಕೊನೆಗೆ ಇದೂ ಸೇರಿಕೊಂಡಿದೆ. ಎಣಿಸಿದವರು ಯಾರೂ ನನಗೆ ಸಿಕ್ಕಿಲ್ಲ. ಇರಲಿ, ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ಹತ್ತಿದ ಬತ್ತೇರಿಯಲ್ಲೆಲ್ಲ ನಾನು ಹುಡುಕುವುದು ಬೇರೆ: ಇಲ್ಲಿ ರಾತ್ರಿ ಹಗಲು ನಿಂತವನ ಹೆಸರು ಎಲ್ಲಾದರೂ ಕೆತ್ತಿದೆಯೇ?

ಮೊದಲು ಆ ಪದವನ್ನೇ ನೋಡೋಣ. ಬತ್ತೇರಿ ಕನ್ನಡದ್ದಲ್ಲ, ಫಿರಂಗಿ ಹೂಡುವ ಜಾಗಕ್ಕೆ ಯುರೋಪಿನವರು ಇಟ್ಟ ಹೆಸರು. ಗುರುಪುರ ನದಿಯಲ್ಲಿ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲೂ, ವಯನಾಡಿನ ಅದೇ ಹೆಸರಿನ ಪಟ್ಟಣದಲ್ಲೂ ಇರುವುದು ಇದೇ ಪದ. ದುರ್ಗದಲ್ಲಿ ತಿಮ್ಮಣ್ಣನಾಯಕ ನಾಯಕತನ ಪಡೆದದ್ದು 1568ರಲ್ಲಿ. ಹೈದರಾಲಿಯ ಕೈಗೆ ಕೋಟೆ ಹೋದದ್ದು 1779ರಲ್ಲಿ. ನಡುವಿನ ಇನ್ನೂರು ವರ್ಷ ಅಲ್ಲಿ ಕಾವಲಿರಲಿಲ್ಲವೇ? ಇತ್ತು. ಅದಕ್ಕೆ ಕೊತ್ತಳ, ಹುಡೆ ಅನ್ನುವ ಮಾತುಗಳಿದ್ದವು. ಬಯಲುಸೀಮೆಯ ಹಳ್ಳಿಗಳ ನಡುವೆ ಈಗಲೂ ಅಲ್ಲಲ್ಲಿ ನಿಂತಿರುವ ದುಂಡನೆಯ ಕಲ್ಲುಗೋಪುರಕ್ಕೆ ಹಿರಿಯರು ಹುಡೇವು ಅಂತಲೇ ಅನ್ನುತ್ತಾರೆ. ಕೋಟೆಯೊಳಗೆ ಮಾತ್ರ ಫಿರಂಗಿಯ ಕಾಲದ ಹೆಸರು ಗೆದ್ದುಬಿಟ್ಟಿತು.

ನಾವು ಹುಳಿಯಾರಿನ ಕಡೆಯವರು, ತೆಂಗಿನ ನೆರಳಲ್ಲಿ ಬೆಳೆದವರು. ಬಿಸಿಲು ಹೆಚ್ಚಾದರೆ ತೋಟಕ್ಕೆ ನುಗ್ಗಿದರಾಯಿತು. ಹಿರಿಯೂರು ದಾಟಿ ದುರ್ಗಕ್ಕೆ ಹೋದರೆ ಆ ಸೌಲಭ್ಯ ಇಲ್ಲ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಒಬ್ಬ ಗೆಳೆಯನೊಂದಿಗೆ ಹೋಗಿದ್ದೆ. ಚೀಲದಲ್ಲಿ ಎರಡು ಬಾಟಲಿ ನೀರು, ಒಂದಿಷ್ಟು ಕೊಬ್ಬರಿ, ಬೆಲ್ಲ. ಹಿಡಿಂಬೇಶ್ವರ, ಏಕನಾಥೇಶ್ವರಿ ಗುಡಿಗಳನ್ನು ನೋಡಿಕೊಂಡು ತುಪ್ಪದಕೊಳದ ಬುಡಕ್ಕೆ ಬರುವಷ್ಟರಲ್ಲಿ ಹನ್ನೊಂದು ಗಂಟೆ ದಾಟಿತ್ತು. ಸೌತೆಕಾಯಿ ಮಾರುತ್ತಿದ್ದ ಒಬ್ಬರು ಅಜ್ಜಿ ಎಚ್ಚರಿಸಿದರು: "ಈ ಬಿಸ್ಲಾಗೆ ಮ್ಯಾಲಕ್ಕೆ ಹೊಂಟ್ರಾ? ಕಲ್ಲು ಕಾದ ಹಂಚಾಗಿರ್ತೈತೆ."

"ಇಳಿಯೋದು ಹೆಂಗಜ್ಜಿ?"

"ಬಂಡೆ ಕಡೀಕೆ ಮಕ ಮಾಡ್ಕಂಡು ಇಳೀರಿ. ಕೆಳಗಡೀಕೆ ನೋಡಬ್ಯಾಡ್ರಿ."

ಅಲ್ಲಿ ಮೆಟ್ಟಿಲೆಂಬುದಿಲ್ಲ. ಬೋಳು ಬಂಡೆಯ ಮೈಯಲ್ಲಿ ಕಾಲ್ಬೆರಳು ಊರುವಷ್ಟು ಕಚ್ಚು ಕಡಿದಿದ್ದಾರೆ, ಅಷ್ಟೇ. ಮರವಿಲ್ಲ, ನೆರಳಿಲ್ಲ. ಅರ್ಧಕ್ಕೆ ಹೋಗಿ ನಿಂತಾಗ ಅಂಗೈ ಸುಡುತ್ತಿತ್ತು. ಆ ಕಚ್ಚುಗಳನ್ನು ನೋಡುತ್ತ ನನಗನ್ನಿಸಿದ್ದು, ಇಡೀ ಬೆಟ್ಟದಲ್ಲಿ ಕಾವಲಿನವರು ಬಿಟ್ಟುಹೋದ ಬರಹ ಇದೊಂದೇ ಇರಬೇಕು. ಯಾವನೋ ದಿನಕ್ಕೆರಡು ಸಲ ಹತ್ತಿಳಿದು ಸವೆಸಿದ ಗುರುತು. ಮೇಲೆ ಹೋದರೆ ಕೋಟೆಯ ಸುತ್ತುಗಳೆಲ್ಲ ಅಂಗೈ ಗೆರೆಯಂತೆ ಬಿಡಿಸಿಕೊಳ್ಳುತ್ತವೆ. ಜೋಗಿಮಟ್ಟಿಯ ಸಾಲು, ಗಾಳಿಯಂತ್ರಗಳು, ಕೆಳಗೆ ಊರು. ಕುದುರೆ ದಂಡು ಎಬ್ಬಿಸುವ ಧೂಳು ಇಲ್ಲಿಂದ ಎಷ್ಟು ಹೊತ್ತು ಮುಂಚೆ ಕಂಡೀತು ಅಂತ ಯಾರೂ ವಿವರಿಸಬೇಕಾಗಿಲ್ಲ. ಗೋಡೆಯ ಮೇಲೆ ಹೆಸರುಗಳೇನೋ ಇದ್ದವು. ಎಲ್ಲ ಈಚಿನ ಪ್ರೇಮಿಗಳವು, ಬಾಣ ಚುಚ್ಚಿದ ಹೃದಯ ಸಮೇತ.

ದುರ್ಗದಲ್ಲಿ ಶಾಸನಕ್ಕೆ ಬರವೇನಿಲ್ಲ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ಪೂರ್ತಿ ಈ ಜಿಲ್ಲೆಯದೇ. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಇದೆ. ಅದರಲ್ಲಿರುವ ರಾಜ್ಯಗಳ ಪಟ್ಟಿಯ ಓದಿನ ಬಗ್ಗೆ ವಿದ್ವಾಂಸರಲ್ಲಿ ಜಗಳ ಉಂಟು, ಆದರೆ ಅದು ಕೆರೆಯ ಶಾಸನ ಅನ್ನುವುದು ಎಲ್ಲರಿಗೂ ಗೊತ್ತು. ಮೇಲಿನ ಗುಡಿಗಳಲ್ಲಿ ಹೊಯ್ಸಳ, ವಿಜಯನಗರ ಕಾಲದ ದಾನಗಳು, ಬೆಮ್ಮತ್ತನಕಲ್ಲು ಅನ್ನುವ ಹಳೆಯ ಊರಹೆಸರು, ಪೆರುಮಾಳೆ ದಂಡನಾಯಕನಂಥ ದೊಡ್ಡವರು. ನೀರು, ದೇವರು, ದಾನಿ. ಕಾವಲಿನವನು ಈ ಮೂರರಲ್ಲಿ ಯಾವುದೂ ಅಲ್ಲ.

ಹಾಗಾದರೆ ಕಾವಲಿನವರು ಶಾಸನದೊಳಗೆ ಬರುವುದು ಯಾವಾಗ? ನನ್ನ ಓದಿನ ಮಟ್ಟಿಗೆ, ಹೆಚ್ಚಾಗಿ ಕಾವಲು ಮುರಿದಾಗ. ಅದೇ ಮಯೂರಶರ್ಮನ ಕಥೆ ಹೇಳುವ ತಾಳಗುಂದದ ಸ್ತಂಭಶಾಸನ ನೋಡಿ. ಅವನು ಪಲ್ಲವರ ಅಂತಪಾಲರನ್ನು, ಅಂದರೆ ಗಡಿ ಕಾಯುವವರನ್ನು, ಸೋಲಿಸಿ ಶ್ರೀಪರ್ವತದವರೆಗಿನ ಕಾಡು ಹಿಡಿದ ಅಂತ ಅದು ಹೇಳುತ್ತದೆ. ಕನ್ನಡ ನಾಡಿನ ಮೊದಲ ರಾಜಮನೆತನದ ಕಥೆ ಶುರುವಾಗುವುದೇ ಕಾವಲಿನವರ ಸೋಲಿನಿಂದ, ಮತ್ತು ಅವರೊಬ್ಬರಿಗೂ ಅಲ್ಲಿ ಹೆಸರಿಲ್ಲ. ವೀರಗಲ್ಲುಗಳದ್ದು ಇನ್ನೊಂದು ಬಗೆ. ನಮ್ಮ ತುಮಕೂರು ಸೀಮೆಯ ಊರೂರಲ್ಲಿ ತುರುಗೊಳ್ ಕಲ್ಲುಗಳಿವೆ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನಿಗೆ ಹೆಸರು, ಅಪ್ಪನ ಹೆಸರು, ಕೆಲವೊಮ್ಮೆ ಹೊಲವೂ ಸಿಗುತ್ತೆ. ಕಳ್ಳರು ಬರದಂತೆ ಮೂವತ್ತು ವರ್ಷ ಎಚ್ಚರವಿದ್ದು ಮನೆಯಲ್ಲಿ ಸತ್ತವನಿಗೆ ಕಲ್ಲಿಲ್ಲ. ಕಾವಲು ಸರಿಯಾಗಿ ನಡೆದರೆ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ ನೋಡಿ.

ಓಬವ್ವನ ಕಥೆಯನ್ನು ನಾನು ಈ ಬೆಳಕಲ್ಲೇ ಓದುತ್ತೇನೆ. ಕಹಳೆ ಮುದ್ದಹನುಮ ಊಟಕ್ಕೆ ಹೋದ ಹೊತ್ತು, ತಣ್ಣೀರುದೋಣಿಯ ಹತ್ತಿರದ ಕಿಂಡಿ, ಒನಕೆ. ಇದು ಜನರ ಬಾಯಲ್ಲಿ ಉಳಿದದ್ದು, ಕಲ್ಲಿನ ಮೇಲಲ್ಲ. 'ನಾಗರಹಾವು' ಸಿನಿಮಾ ಬಂದದ್ದು 1972ರಲ್ಲಿ, ಆಮೇಲೆ ಇಡೀ ರಾಜ್ಯಕ್ಕೆ ಅವಳು ಗೊತ್ತಾದಳು. ಇಲ್ಲೂ ಗಮನಿಸಿ: ಕಥೆ ಹುಟ್ಟಿದ್ದು ಕಾವಲಿನವನು ಇಲ್ಲದ ಗಳಿಗೆಯಲ್ಲಿ. ಇದರ ಪಕ್ಕದಲ್ಲಿ ನಮ್ಮ ಕಡೆಯದೊಂದನ್ನು ಇಟ್ಟುನೋಡಿ. ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ ಹುಳಿಯೇರದ, ಅಂದರೆ ಇಂದಿನ ಹುಳಿಯಾರಿನ, ಸಾಮಂತ ಗೋವಿದೇವ ತೀರಿಹೋದ ಹೆಂಡತಿ ಮಹಾದೇವಿ ನಾಯಕಿತಿಯ ನೆನಪಿಗೆ ಹೆಗ್ಗೆರೆಯಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಎಂಟುನೂರು ವರ್ಷ ದಾಟಿದರೂ ಅವಳ ಹೆಸರು ಶಾಸನದಲ್ಲಿ ಓದಲು ಸಿಗುತ್ತದೆ. ಸಾಮಂತನ ಹೆಂಡತಿಗೆ ಬಸದಿ, ಕಾವಲಿನವನ ಹೆಂಡತಿಗೆ ಜನರ ನೆನಪು. ಓಬವ್ವನಿಗೆ ಶಾಸನಾಧಾರ ಇಲ್ಲ ಅಂತ ಕೆಲವರು ಮೂಗೆಳೆಯುವಾಗ ನಾನು ಇದನ್ನೇ ಹೇಳುವುದು. ಶಾಸನ ಹಾಕಿಸುವ ಶಕ್ತಿ ಇದ್ದವರ ಲೆಕ್ಕವನ್ನು ಶಾಸನ ಕೊಡುತ್ತದೆ, ಇಲ್ಲದವರು ಹುಟ್ಟಿರಲೇ ಇಲ್ಲ ಅಂತ ಅದು ಎಲ್ಲೂ ಹೇಳುವುದಿಲ್ಲ.

ಹಾಗಂತ ಕೈಚೆಲ್ಲಬೇಕಾಗಿಲ್ಲ. ವಿಜಯನಗರ ಕಾಲದ ಶಾಸನಗಳ ತೆರಿಗೆ ಪಟ್ಟಿಗಳಲ್ಲಿ ತಳವಾರಿಕೆ ಬರುತ್ತದೆ. ಊರು ಕಾಯುವವನ ಖರ್ಚಿಗೆ ಊರು ಕೊಟ್ಟದ್ದು ಅದು. ಹೆಸರಿಲ್ಲದಿದ್ದರೂ ಕೆಲಸ ಅಲ್ಲಿ ದಾಖಲಾಗಿದೆ. ಅದರ ಎಳೆ ನಮ್ಮ ಅಜ್ಜಂದಿರ ಕಾಲದವರೆಗೂ ಬಂದಿತ್ತು. ತಳವಾರ, ತೋಟಿ, ನೀರಗಂಟಿಗಳಿಗೆ ಇನಾಂ ಹೊಲಗಳಿದ್ದವು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಆ ವಂಶಪಾರಂಪರ್ಯ ಹುದ್ದೆಗಳು ಹೋದವು, ಹೊಲಗಳನ್ನು ಹುದ್ದೆಯಲ್ಲಿದ್ದ ಮನೆತನಗಳಿಗೇ ಮರುಮಂಜೂರು ಮಾಡಿದರು. ಆ ಕಡತಗಳಲ್ಲಿ ಇರುವುದು ಹೆಸರುಗಳೇ. ಇಂಥ ಊರಿನ ತಳವಾರಿಕೆ ಇಂಥವರ ಮನೆಯದು ಅಂತ.

ಆದ್ದರಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ಹೊಸದುರ್ಗದ ಕಡೆ ಓಡಾಡುವ ಶಾಸನಾಸಕ್ತರಲ್ಲಿ ಒಂದು ಕೋರಿಕೆ. ನಿಮ್ಮೂರಲ್ಲಿ ಹುಡೇವು ಉಳಿದಿದ್ದರೆ ಕಲ್ಲು ಕಿತ್ತು ಕಣಕ್ಕೋ ಪಾಯಕ್ಕೋ ಹಾಕುವ ಮುಂಚೆ ಹೋಗಿ ನೋಡಿ. ಸುತ್ತಳತೆ ತೆಗೆದುಕೊಳ್ಳಿ, ಬಾಗಿಲು ನೆಲದಿಂದ ಎಷ್ಟು ಎತ್ತರದಲ್ಲಿದೆ ಬರೆದಿಡಿ. ಹತ್ತಿರದಲ್ಲಿ ವೀರಗಲ್ಲು ಇದ್ದರೆ ಅದು ಯಾವ ದಿಕ್ಕಿಗೆ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಊರಲ್ಲಿ ವಯಸ್ಸಾದವರನ್ನು ಕೇಳಿ, ತಳವಾರರ ಹೊಲ ಯಾವುದು, ಆ ಮನೆಯವರು ಈಗ ಎಲ್ಲಿದ್ದಾರೆ ಅಂತ. ಕೇಳುವಾಗ ಒಂದು ನೋಟ್‌ಬುಕ್ ಕೈಯಲ್ಲಿರಲಿ.